ಭಾವನ ಮುಂದೆ ಆಡಿದ ಮಾತು

ಸಂತಪುರದ ಹಾವಗೆಪ್ಪ ಎರಡು ತಿಂಗಳಿಗೊಮ್ಮೆ ಹೈದರಾಬಾದಿನಿಂದ ಊರಿಗೆ ಬಂದರೆ, ಮನೆಯವರಿಗೆ ಅವನ ಆರೋಗ್ಯಕ್ಕಿಂತ ಅವನ ಹೆಂಡತಿಯ ಹೊಟ್ಟೆಯದೇ ಚಿಂತೆ. ಮೂರು ವರ್ಷದಿಂದ ಮಳೆ ಕೈಕೊಟ್ಟಿತ್ತು. ಊರಿನ ಅರ್ಧ ಗಂಡಸರಂತೆ ಅವನೂ ಕಟ್ಟಡದ ಕೆಲಸಕ್ಕೆ ಹೋಗಿದ್ದ. ಸಿಗುವುದು ಎರಡೇ ದಿನದ ರಜೆ. ಅಷ್ಟರಲ್ಲೇ ಉಣ್ಣಬೇಕು, ಮಲಗಬೇಕು, ವಂಶವನ್ನೂ ಬೆಳೆಸಬೇಕು. ನಲವತ್ತೆರಡರ ದಣಿದ ದೇಹ, ಮೇಲೆ ಸಕ್ಕರೆ ಕಾಯಿಲೆ. ಆ ದೇಹ ಅವನ ಮಾತು ಕೇಳುವುದನ್ನು ಬಿಟ್ಟಿತ್ತು.

ಇದನ್ನು ಬಲ್ಲವಳು ಹೆಂಡತಿ ಶಿವಕಾಂತಾ ಒಬ್ಬಳೇ. ಆದರೆ ಉಪವಾಸ ಹಿಡಿದವಳೂ ಅವಳೇ, ತಾಯಿತ ಕಟ್ಟಿಸಿಕೊಂಡವಳೂ ಅವಳೇ. ಅತ್ತೆ ಅನುಸೂಯಾಬಾಯಿಯ ನ್ಯಾಯ ಅದು: ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಇಬ್ಬರೂ ಕೂಡಿ ಬೀದರಿನ ಡಾಕ್ಟರಿಗಿ ತೋರಸೋಣು ಬರ್ರಿ" ಎಂದು ಶಿವಕಾಂತಾ ಗಂಡನಿಗೆ ಒಮ್ಮೆ ಹೇಳಿದ್ದಳು.

"ಹುಚ್ಚಿ ಇದ್ದಿ ಏನ? ಇದು ಹೊರಗ ಆಡೋ ಮಾತಲ್ಲ" ಎಂದು ಅವನು ಗೋಡೆಯ ಕಡೆ ತಿರುಗಿ ಮಲಗಿದ್ದ.

ಕೊನೆಗೆ ಅಣ್ಣ ಶಿವರಾಜಪ್ಪನ ಮುಂದೆ ಹೇಗೋ ಬಾಯಿಬಿಟ್ಟ. ಅಣ್ಣ ಭಾಲ್ಕಿ ಸ್ಟೇಶನ್ ಹತ್ತಿರ ಡೇರೆ ಹಾಕಿದ್ದ ಜಡಿಬೂಟಿಯವನಿಂದ ಪುಡಿಯ ಪೊಟ್ಟಣ ತಂದುಕೊಟ್ಟ. "ಬರೇ ಬೇರು ಅದ ನೋಡು. ಚೀಟಿ ಬ್ಯಾಡ, ಡಾಕ್ಟರ್ ಬ್ಯಾಡ. ಯಾರಿಗೂ ಹೇಳಬ್ಯಾಡ" ಅಂದ. ಒಳಗೆ ರೊಟ್ಟಿ ಬಡಿಯುತ್ತಿದ್ದ ಶಿವಕಾಂತಾಳಿಗೆ ಅದು ಕೇಳಿಸಿತು. ಆದರೆ ಭಾವನ ಎದುರು ಸೊಸೆ ಬಾಯಿ ತೆರೆಯುವ ರೂಢಿ ಆ ಮನೆಯಲ್ಲಿರಲಿಲ್ಲ. ಮದುವೆಯಾಗಿ ಬಂದ ಹದಿನಾಲ್ಕು ವರ್ಷದಲ್ಲಿ ಅವನ ಮುಂದೆ ಅವಳು ಒಂದು ಮಾತೂ ಆಡಿರಲಿಲ್ಲ.

ಎರಡನೇ ಪುಡಿ ತಿಂದ ಮರುದಿನ ಬೆಳಿಗ್ಗೆ ಹಾವಗೆಪ್ಪ ಎದೆ ಹಿಡಿದುಕೊಂಡು ಕುಸಿದ. ಜೀಪಿನಲ್ಲಿ ಹಾಕಿಕೊಂಡು ಬೀದರಿನ ಆಸ್ಪತ್ರೆಗೆ ಓಡಿದರು. ಡಾಕ್ಟರ್ ಆಬೇದಾ ಪರೀಕ್ಷಿಸಿ, ನರ್ಸ್ ಕಡೆ ಕೈ ಚಾಚುವ ಮೊದಲು ಕೇಳಿದರು:

"ನಾಲಿಗಿ ಕೆಳಗ ಗುಳಗಿ ಇಡಬೇಕಾಗ್ಯದ. ಮೊದಲ ಖರೆ ಹೇಳ್ರಿ, ನಿನ್ನಿ ಮೊನ್ನಿ ಗಂಡಸ್ತನದ ಗುಳಗಿ, ಪುಡಿ ಏನರ ತೊಗೊಂಡಾರೇನ್ರಿ? ತೊಗೊಂಡಿದ್ದರ ಎರಡೂ ಕೂಡಿ ಬಿ.ಪಿ. ಇಳದು ಜೀವಾ ಹೋಗ್ತದ."

"ನಮ್ಮ ಮನಿತನದಾಗ ಅಂಥಾ ದವಾ ತಿನ್ನೋರು ಯಾರೂ ಇಲ್ಲರಿ ಮೇಡಂ" ಅಂದ ಶಿವರಾಜಪ್ಪ. ಪುಡಿ ತಂದವನೇ ಹೀಗೆ ಹೇಳಿದ. ತಮ್ಮನ ಪ್ರಾಣಕ್ಕಿಂತ ಮನೆತನದ ಹೆಸರು ಅವನಿಗೆ ದೊಡ್ಡದಾಯಿತು. ಹಾವಗೆಪ್ಪನಿಗೆ ತುಟಿ ಅಲುಗಿಸುವ ತ್ರಾಣವೂ ಇರಲಿಲ್ಲ.

ನರ್ಸ್ ಗುಳಿಗೆ ಬಿಡಿಸಿಕೊಂಡಳು.

"ತೊಗೊಂಡಾರ್ರಿ." ಶಿವಕಾಂತಾ ಭಾವನನ್ನು ದಾಟಿ ಡಾಕ್ಟರ್ ಮುಂದೆ ಬಂದಳು. "ಮೊನ್ನಿ ಒಂದು, ನಿನ್ನಿ ಸಂಜಿಗಿ ಒಂದು. ಈ ಭಾವನೋರೇ ಭಾಲ್ಕಿಯಿಂದ ತಂದು ಕೊಟ್ಟಾರ."

ಗುಳಿಗೆ ನರ್ಸಿನ ಕೈಯಲ್ಲೇ ಉಳಿಯಿತು, ಬೇರೆ ಚಿಕಿತ್ಸೆ ನಡೆಯಿತು. ಹಾವಗೆಪ್ಪ ಉಳಿದ.

ನಾಲ್ಕನೆಯ ದಿನ ಡಾಕ್ಟರ್ ಗಂಡಹೆಂಡತಿಯನ್ನು ಕೂರಿಸಿಕೊಂಡು ತಿಳಿಸಿ ಹೇಳಿದರು. "ಇಂಥಾ ಪುಡಿಯೊಳಗ ಭಾಳ ಸಲ ಇಂಗ್ಲಿಷ್ ಗುಳಗಿನೇ ಅರದು ಹಾಕಿರ್ತಾರ. ಎಷ್ಟು ಹಾಕ್ಯಾರ ಅಂತ ಮಾರಾವಗೂ ಗೊತ್ತಿರಂಗಿಲ್ಲ. ಇದು ನಾಚೋ ಜಡ್ಡಲ್ಲರಿ, ಸಕ್ಕರಿ ಇದ್ದ ಭಾಳ ಮಂದಿಗಿ ಆಗ್ತದ. ಗುಳಗಿ ಅವ. ಆದರ ಎದಿ ತಪಾಸ ಮಾಡಿಸಿ, ಈಗ ಏನೇನು ಔಷಧ ನಡದಾವ ಹೇಳಿ, ಡಾಕ್ಟರ್ ಬರದಷ್ಟೇ ತೊಗೋಬೇಕು."

ಆಸ್ಪತ್ರೆಯ ಮಾತು ಬಳಗದಲ್ಲೆಲ್ಲ ಹಬ್ಬಿತ್ತು. ಮನೆಗೆ ಬಂದ ಮರುವಾರ ಶಿವರಾಜಪ್ಪ ಬಳಗದ ನಾಲ್ವರು ಹಿರಿಯರನ್ನು ಪಡಸಾಲೆಗೆ ಕರೆಸಿದ. "ದವಾಖಾನ್ಯಾಗ ಸುಳ್ಳು ಹೇಳೀನಿ ಅಂತ ಈಕಿ ಇವರ ಮುಂದ ಅನ್ಲಿ. ಮನಿ ಇಜ್ಜತ್ ಉಳೀತದ."

"ಒಂದ ಮಾತು ಅಂದ್ರ ನಿಂದೇನ ಹೋಗ್ತದ?" ಅಂದಳು ಅನುಸೂಯಾಬಾಯಿ.

"ಅನ್ನಂಗಿಲ್ಲರಿ ಅತ್ತಿ. ಅವತ್ತ ನಾ ಸುಮ್ಮನಿದ್ದರ, ಈ ನಾಲ್ಕು ಮಂದೀನ ನೀವು ಬ್ಯಾರೆ ಕೆಲಸಕ್ಕ ಕರೀಬೇಕಾಗ್ತಿತ್ತು."

ಹೊರಸಿನ ಮೇಲೆ ಮಲಗಿದ್ದ ಹಾವಗೆಪ್ಪ ಮೊಣಕೈ ಊರಿ ಎದ್ದು ಕೂತ.

"ಆಕಿ ಖರೆ ಹೇಳ್ಯಾಳ. ಪುಡಿ ನಾನೇ ತಿಂದೀನಿ. ಭಾಳ ವರ್ಷ ಆತು, ನನಗ ಆಗಲ್ಲಾಗ್ಯದ. ಮಂಗಳವಾರ ಡಾಕ್ಟರ್ ಬಲ್ಲಿ ಹೋಗ್ತೇನಿ. ಆಕಿನೂ ಒಳಗ ಬಂದು ನನ್ನ ಜೋಡಿ ಕುಂದರ್ತಾಳ."

ಇಷ್ಟು ದಿನ ಅವನು ಹೆದರಿದ್ದು ಜನ ನಗುತ್ತಾರೆಂದು. ಬಂದ ನಾಲ್ವರಲ್ಲಿ ಒಬ್ಬರೂ ನಗಲಿಲ್ಲ.