ಜನರೇಟರ್ ಸರದಿ

ಹೊತ್ತು ನೆತ್ತಿಗೇರಿದರೂ ಜನರೇಟರ್ ಬರಲಿಲ್ಲ. ಮೇವಿಸ್ ರಶ್ಲೋ ಕೊಟ್ಟಿಗೆಯ ಬಾಗಿಲಲ್ಲಿ ನಿಂತು ಮತ್ತೊಮ್ಮೆ ರಸ್ತೆಯ ಕಡೆ ನೋಡಿದಳು. ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ರಸ್ತೆ, ಬೇಲಿ, ಮೇಪಲ್ ಮರದ ಕಡ್ಡಿಕಡ್ಡಿಗೂ ಗಾಜು ಹೊದಿಸಿದಂತಾಗಿತ್ತು. ಆ ಭಾರಕ್ಕೆ ವಿದ್ಯುತ್ ಕಂಬಗಳು ಒಂದರ ಹಿಂದೊಂದು ಹೊಲದೊಳಕ್ಕೆ ಒರಗಿದ್ದವು. ಕೆನಡಾ ಗಡಿಯವರೆಗೂ ಎಲ್ಲೂ ಕರೆಂಟಿಲ್ಲ ಎಂದು ಬ್ಯಾಟರಿ ರೇಡಿಯೊ ದಿನವೂ ಹೇಳುತ್ತಿತ್ತು, ಅದು ಇಲ್ಲಿ ಯಾರಿಗೂ ಗೊತ್ತಿಲ್ಲವೇನೋ ಎಂಬಂತೆ.

ಹಿಂದೆ ಹಸುಗಳು ಕೂಗುತ್ತಿದ್ದವು. ಹಸಿವಿನ ಕೂಗಲ್ಲ, ಕೆಚ್ಚಲು ಬಿಗಿದ ಕೂಗು. ಎಲ್ಲಕ್ಕಿಂತ ಕೊನೆಯಲ್ಲಿ ಕಟ್ಟಿದ್ದ ಪ್ಯಾನ್ಸಿ ಮಾತ್ರ ಕೂಗುತ್ತಿರಲಿಲ್ಲ. ತಲೆ ತಗ್ಗಿಸಿ ನಿಂತಿತ್ತು. ಮೊದಲ ಕರು ಹಾಕಿದ ಹಸು. ಕೆಚ್ಚಲಿನ ಹಿಂದಿನ ಎಡಭಾಗ ಕಲ್ಲಿನಂತಾಗಿ ಸುಡುತ್ತಿತ್ತು. ಬಿಸಿನೀರಿನಲ್ಲಿ ಅದ್ದಿದ ಬಟ್ಟೆ ಇಟ್ಟು ಪೂರ್ತಿ ಹಿಂಡಿ ತೆಗೆಯದಿದ್ದರೆ ಆ ಭಾಗ ಸತ್ತುಹೋಗುತ್ತದೆ. ಮೂರು ತೊಟ್ಟಿನ ಹಸುವನ್ನು ಒಯ್ಯಲು ಕಟುಕನ ಲಾರಿಯೇ ಬರಬೇಕು. ಆದರೆ ನೀರಿನ ಪಂಪಿಗೂ ಕರೆಂಟು ಬೇಕು. ಒಲೆಯ ಮೇಲೆ ಮಂಜುಗಡ್ಡೆ ಕರಗಿಸಿದ್ದು ಹಸುಗಳು ಕುಡಿಯುವುದಕ್ಕೂ ಸಾಲುತ್ತಿರಲಿಲ್ಲ. ಒಬ್ಬಳೇ ಕೈಯಲ್ಲಿ ಕರೆಯಲು ಹೋದರೆ ಹಸು ಒದೆಯುತ್ತದೆ. ಹಿಡಿದುಕೊಳ್ಳಬೇಕಾದ ಗಂಡ ಲೈಲ್ ಮಂಜುಗಡ್ಡೆಯ ಮೇಲೆ ಜಾರಿ, ಭುಜ ಕಟ್ಟಿಸಿಕೊಂಡು ಸೌದೆ ಒಲೆಯ ಪಕ್ಕ ಮಲಗಿದ್ದ.

"ಎಲ್ವಿನ್ ಜನರೇಟರ್ ತಗೊಂಡು ಇನ್ನೇನು ಬರ್ತಾರೆ ಬಿಡು," ಎಂದ ಅವನು, ಅವಳು ಒಳಗೆ ಬಂದಾಗ.

"ಬೆಳಿಗ್ಗೆಯಿಂದ ಅದನ್ನೇ ಹೇಳ್ತಿದ್ದೀಯ. ಮಲಗಿರೋನಿಗೆ ಎಲ್ಲರೂ ಇನ್ನೇನು ಬರ್ತಾರೆ."

"ಅವರ ಹತ್ರ ಜೋರು ಮಾಡಬೇಡ. ವಯಸ್ಸಾದೋರು."

"ನಮ್ಮ ಹಸುಗಳಿಗೂ ವಯಸ್ಸಾಗ್ತಿದೆ, ಕಾದು ಕಾದು."

ಬೂಟುಗಳ ಮೇಲೆ ಲೈಲನ ಹಳೆಯ ಉಣ್ಣೆ ಕಾಲುಚೀಲ ಎಳೆದುಕೊಂಡು, ಜಾರದಂತೆ ಬೇಲಿ ಹಿಡಿದು ಅವಳು ಎಲ್ವಿನ್ ಪೆರಿಯ ಕೊಟ್ಟಿಗೆಗೆ ಹೊರಟಳು. ಮೂರು ಮನೆಗಳ ಕೊಟ್ಟಿಗೆಗೆ, ಟ್ರ್ಯಾಕ್ಟರಿನ ಇಂಜಿನ್ನಿಗೆ ಜೋಡಿಸಿ ಓಡಿಸುವ ಒಂದೇ ಜನರೇಟರ್. ಮೊದಲು ಎಲ್ವಿನ್, ಆಮೇಲೆ ಇವರು, ಆಮೇಲೆ ತಿರುವಿನಾಚೆಯವರು. ಕರೆದು ಮುಗಿದ ಕೂಡಲೇ ಮುಂದಿನ ಮನೆಗೆ ಕಳಿಸಬೇಕೆಂದು ಮಾತಾಗಿತ್ತು. ಅರ್ಧ ದಾರಿಯಲ್ಲೇ ಟ್ರ್ಯಾಕ್ಟರಿನ ಗುಡುಗುಡು ಕೇಳಿಸಿತು. ಯಂತ್ರ ಓಡುತ್ತಿದೆ. ಅಂದರೆ ಇನ್ನೂ ಕರೆಯುತ್ತಿದ್ದಾರೆ ಎಂದುಕೊಂಡಳು.

ಎಲ್ವಿನ್‌ನ ಹಸುಗಳು ಮಲಗಿ ಮೆಲುಕು ಹಾಕುತ್ತಿದ್ದವು.

ಅವರು ಹಾಲಿನ ಕೋಣೆಯಲ್ಲಿ, ದೊಡ್ಡ ಉಕ್ಕಿನ ಟ್ಯಾಂಕಿನ ಮುಚ್ಚಳ ಎತ್ತಿ ಒಳಗೆ ನೋಡುತ್ತ ನಿಂತಿದ್ದರು. ಒಳಗೆ ಹಾಲು ಕಲಕುವ ಪಟ್ಟಿ ನಿಧಾನವಾಗಿ ಸುತ್ತುತ್ತಿತ್ತು.

"ಕರೆದು ಮುಗಿದಿಲ್ವಾ?"

"ಆಗಲೇ ಮುಗೀತು."

"ಮತ್ತೆ ಇದ್ಯಾಕೆ ಓಡ್ತಿದೆ?"

"ಹಾಲು ತಣ್ಣಗಾಗಬೇಕಲ್ಲ."

ಮೇವಿಸ್ ಕಣ್ಣು ಮುಚ್ಚಿ ತೆರೆದಳು. "ಹೊರಗಡೆ ಹೋಗಿ ನಿಂತ್ಕೊಳ್ಳಿ ಮಾರಾಯ್ರೇ, ನೀವೂ ತಣ್ಣಗಾಗ್ತೀರ. ಇಡೀ ಜಿಲ್ಲೆ ಐಸ್ ಪೆಟ್ಟಿಗೆಯಾಗಿ ಕೂತಿದೆ, ಇವರು ಇಂಜಿನ್ ಹಚ್ಚಿ ಹಾಲು ಆರಿಸ್ತಿದ್ದಾರೆ."

"ತಣ್ಣಗಿದ್ರೆ ಸಾಲದು. ತಿರುಗ್ತಾ ಇರಬೇಕು. ಇಲ್ಲದಿದ್ರೆ ಕೆನೆ ಮೇಲೆ ಬಂದು ಗೋಡೆಗೆ ಹಿಡಿಯುತ್ತೆ. ಡೈರಿಯೋರು ತಗೊಳ್ಳಲ್ಲ."

"ಯಾವ ಡೈರಿಯೋರು? ಸೇತುವೆ ಹತ್ರ ಕಂಬ ಅಡ್ಡ ಬಿದ್ದಿದೆ. ಹಾಲಿನ ಲಾರಿ ಹಾರ್ಕೊಂಡು ಬರುತ್ತಾ?"

"ಇವತ್ತು ಬರಬಹುದು."

"ನಿನ್ನೇನೂ ಇದನ್ನೇ ಅಂದ್ರಿ. ಟ್ಯಾಂಕು ಅಂಚಿಗೆ ಬಂದಿದೆ. ಇವತ್ತಿಂದು ಎಲ್ಲಿ ಹಾಕಿದ್ರಿ?"

ಎಲ್ವಿನ್ ಮೂಲೆಯ ಕಡೆ ನೋಡಿದರು. ಹಳೆಯ ಹಾಲಿನ ಕ್ಯಾನುಗಳು, ಹೆಂಡತಿ ಟೊಮೆಟೊ ಬೇಯಿಸುವ ಹಂಡೆ, ಬಟ್ಟೆ ಒಗೆಯುವ ತೊಟ್ಟಿ, ಎಲ್ಲವೂ ತುಂಬಿ ನಿಂತಿದ್ದವು. ಪುಟ್ಟ ಮಗುವಿನ ಸ್ನಾನದ ಬೋಗುಣಿಯೂ ಇತ್ತು. ಮೇವಿಸ್‌ಗೆ ನಗು ಬಂತು. ಬಂದದ್ದಕ್ಕೆ ಇನ್ನಷ್ಟು ಸಿಟ್ಟೂ ಬಂತು.

"ನೀನು ಚೆಲ್ಲಿದೆಯಾ?" ಎಂದು ಅವರು ಕೇಳಿದರು.

"ಚೆಲ್ಲಿದೆ. ಎಲ್ಲರೂ ಚೆಲ್ತಿದ್ದಾರೆ."

"ಹೇಗೆ ಮನಸ್ಸು ಬಂತು?"

"ಮನಸ್ಸು ಬರಲಿಲ್ಲ. ಕೈ ಬಂತು."

"ನಮ್ಮಪ್ಪನ ಕಾಲದಿಂದ ಈ ಮನೆ ಹಾಲು ಒಂದು ಸಲವೂ ವಾಪಸ್ ಬಂದಿಲ್ಲ, ಮಾರಾಯ್ತಿ. ನಾನು ನೆಲಕ್ಕೆ ಹಾಲು ಬಿಟ್ಟೋನಲ್ಲ."

"ನಿಮ್ಮ ಹಾಲನ್ನ ತಿರುಗಿಸ್ತಾ ಕೂತ್ಕೊಳ್ಳಿ. ಅಲ್ಲಿ ನಮ್ಮ ಪ್ಯಾನ್ಸಿಯ ಕೆಚ್ಚಲು ಕಲ್ಲಾಗಿದೆ. ಮುಟ್ಟಿದ್ರೆ ಸುಡುತ್ತೆ. ಬಟ್ಟೆ ಅದ್ದೋಕೆ ಬಿಸಿನೀರಿಲ್ಲ."

ಎಲ್ವಿನ್ ಮುಚ್ಚಳದಿಂದ ಕೈ ತೆಗೆದರು. "ಯಾವ ಭಾಗ?"

"ಹಿಂದಿಂದು. ಎಡ."

"ಮೊದಲೇ ಹೇಳಬಾರದಾ?"

"ಹೇಗೆ ಹೇಳಲಿ ಎಲ್ವಿನ್? ಫೋನಿದೆಯಾ? ಕೂಗಬೇಕಿತ್ತಾ? ಹಸುಗಳು ಕೂಗ್ತಾನೇ ಇದ್ದವು."

ಅವರು ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ಹೊರಗೆ ಹೋಗಿ ಯಂತ್ರ ನಿಲ್ಲಿಸಿದರು. ಟ್ಯಾಂಕಿನೊಳಗಿನ ಪಟ್ಟಿ ಅಲ್ಲೇ ನಿಂತಿತು. ಹಿಂತಿರುಗಿ ಬಂದು, ಮಗುವಿಗೆ ಹೊದಿಕೆ ಎಳೆಯುವ ಹಾಗೆ ಮುಚ್ಚಳ ಮುಚ್ಚಿದರು. ಅಲ್ಲಿಗೆ ಹೊರಡಬಹುದೆಂದುಕೊಂಡರೆ, ಮುಚ್ಚಳದ ಅಂಚನ್ನು ಬಟ್ಟೆಯಿಂದ ಒರೆಸಿದರು. ಮೇವಿಸ್ ಹಲ್ಲು ಕಚ್ಚಿ ನಿಂತಳು.

ಚಕ್ರಗಳಿಗೆ ಸರಪಳಿ ಸುತ್ತಿದ ಟ್ರ್ಯಾಕ್ಟರನ್ನು ಅವರು ಎಷ್ಟು ನಿಧಾನವಾಗಿ ಓಡಿಸಿದರೆಂದರೆ, ಕಾಲುಚೀಲದ ಬೂಟಿನಲ್ಲಿ ಪಕ್ಕದಲ್ಲಿ ನಡೆಯುತ್ತಿದ್ದ ಅವಳು ಎರಡು ಸಲ ಮುಂದೆ ಹೋಗಿ ನಿಂತು ಕಾಯಬೇಕಾಯಿತು.

ಅವಳ ಕೊಟ್ಟಿಗೆ ತಲುಪಿದ ಮೇಲೂ ಮುಗಿಯಲಿಲ್ಲ. ಮೂರು ಮನೆಯವರೂ ಸೇರಿ ಒಂದು ಕಟ್ಟುಪಾಡು ಮಾಡಿಕೊಂಡಿದ್ದರು: ಜನರೇಟರ್ ತಂದವನೇ ಮುಂದಿನ ಮನೆಯ ಮೇನ್ ಸ್ವಿಚ್ಚನ್ನು ಕೈಯಾರೆ ಇಳಿಸಬೇಕು. ಇಲ್ಲದಿದ್ದರೆ ಕರೆಂಟು ಹೊರಗಿನ ತಂತಿಗೆ ಹರಿದು, ಎಲ್ಲೋ ಕಂಬದ ಮೇಲಿರುವ ಲೈನ್‌ಮ್ಯಾನ್ ಸಾಯುತ್ತಾನೆ. ಮೇವಿಸ್‌ಳ ಸ್ವಿಚ್ಚು ಮೊದಲ ದಿನದಿಂದಲೂ ಇಳಿದೇ ಇತ್ತು. ಎಲ್ವಿನ್ ಅದನ್ನು ಮೇಲಕ್ಕೆತ್ತಿ, ಮತ್ತೆ ಇಳಿಸಿದರು.

"ಇಳಿದೇ ಇತ್ತಲ್ಲ," ಎಂದಳು ಅವಳು.

"ನಾನು ಇಳಿಸಿರಲಿಲ್ಲ."

ಅವಳು ಹಸುಗಳ ಕಡೆ ತಿರುಗಿದಳು. ಮಾತಿಗೆ ನಿಂತರೆ ಹಗಲೆಲ್ಲ ಹೇಳಬೇಕಾಗುತ್ತಿತ್ತು.

ಯಂತ್ರ ಗುಡುಗಿತು, ದೀಪ ಹತ್ತಿತು, ನಲ್ಲಿ ಕೆಮ್ಮಿ ನೀರು ಬಿಟ್ಟಿತು. ಅವಳು ಸಾಲಾಗಿ ಹಸುಗಳಿಗೆ ಕರೆಯುವ ಕೊಳವೆಗಳನ್ನು ಹಾಕುತ್ತ ಹೋದಳು. ಒಂದೊಂದೇ ಕೂಗು ನಿಂತಿತು. ಪ್ಯಾನ್ಸಿಯ ಮೂರು ತೊಟ್ಟುಗಳನ್ನು ಯಂತ್ರ ಕರೆಯಿತು. ನಾಲ್ಕನೆಯದಕ್ಕೆ ಅವಳು ಬಿಸಿನೀರಿನ ಬಟ್ಟೆ ತಂದಾಗ ಎಲ್ವಿನ್ ಕೋಟು ಕಳಚಿ, ಹಸುವಿನ ಪಕ್ಕೆಗೆ ತಲೆಯೂರಿ ಕುಳಿತಿದ್ದರು.

"ಬಾಲ ಮೇಲಕ್ಕೆತ್ತಿ ಹಿಡ್ಕೋ, ಒದೆಯಲ್ಲ," ಎಂದರು. "ನೋಯುತ್ತೆ ಅಂತ ಬಿಟ್ಟುಬಿಡಬೇಡ."

"ನಾನು ಯಾವತ್ತು ಬಿಟ್ಟೆ?"

ಅವರು ಬಟ್ಟೆ ಒತ್ತಿದರು, ತಿಕ್ಕಿದರು, ಎಳೆದರು. ಏನೂ ಬರಲಿಲ್ಲ. ಪ್ಯಾನ್ಸಿ ನಡುಗಿತು. ಬಟ್ಟೆ ಆರಿದಾಗಲೆಲ್ಲ ಅವಳು ಓಡಿಹೋಗಿ ಅದ್ದಿ ತಂದಳು. ಬಹಳ ಹೊತ್ತಿನ ಮೇಲೆ ಹಳದಿ ಗಡ್ಡೆಯೊಂದು ಜಾರಿ ನೆಲಕ್ಕೆ ಬಿತ್ತು, ಆಮೇಲೆ ದಾರದಂಥದ್ದು, ಆಮೇಲೆ ನೀರು.

"ಬಕೆಟ್ ಕೊಡಲಾ?" ಎಂದು ಅವಳು ಕೇಳಿದಳು.

ಅವರು ತಲೆಯಲ್ಲಾಡಿಸಿ ಬೇಡವೆಂದರು. ಬೆರಳುಗಳು ನಿಲ್ಲಲಿಲ್ಲ. ನೀರು ಮಾಸಲು ಬಣ್ಣಕ್ಕೆ ತಿರುಗಿತು, ನಿಧಾನಕ್ಕೆ ಬೆಳ್ಳಗಾಯಿತು. ಸಿಮೆಂಟಿನ ಮೇಲೆ ಎಳೆ ಎಳೆಯಾಗಿ ಬಿದ್ದು, ಹುಲ್ಲಿನ ಕಡ್ಡಿಗಳನ್ನು ತೇಲಿಸಿಕೊಂಡು ಚರಂಡಿಯ ಕಡೆ ಹರಿಯತೊಡಗಿತು. ಎಲ್ವಿನ್ ಅದರ ಕಡೆ ನೋಡದೆ, ಕಣ್ಣು ಮುಚ್ಚಿಕೊಂಡು, ಕರೆಯುತ್ತಲೇ ಇದ್ದರು.