ಮೀನಿನ ಹೊಟ್ಟೆಯೊಳಗಿನ ಹಾಡು

ಹಾರೆ ಮತ್ತೆ ಹವಳದ ಬಂಡೆಗೆ ಬಡಿದು ಠಣ್ಣೆಂದಿತು. ಮನೆಯ ಮುಂದಿನ ಗುಂಡಿಯಲ್ಲಿ ಸೊಂಟದವರೆಗೆ ಇಳಿದಿದ್ದ ತೊಕೋವಾ ಬೆವರು ಒರೆಸಿಕೊಂಡು ಮೇಲೆ ನೋಡಿದ.

"ತೆಪಾಯೆರು ಬದುಕಿದ್ದಾಗ ಯಾರಿಗೂ ಬಗ್ಗಲಿಲ್ಲ. ಈಗ ಅವಳ ಗುಂಡಿಯೂ ಬಗ್ತಿಲ್ಲ ನೋಡ್ರಪ್ಪ."

"ಮಾತು ಕಮ್ಮಿ ಮಾಡಿ ಅಗಿಯೋ. ಮಧ್ಯಾಹ್ನಕ್ಕೆ ಪಾದ್ರಿ ಬರ್ತಾರೆ," ಎಂದಳು ಮಟಂಗಾರೊ. ಅವಳು ತೆಪಾಯೆರುವಿನ ತಂಗಿ. ಪಕ್ಕದಲ್ಲೇ ಇದ್ದ ಭಾವನ ಸಮಾಧಿಯ ಕಟ್ಟೆಯ ಮೇಲೆ ಕೂತು ಹೂ ಕಟ್ಟುತ್ತಿದ್ದಳು.

ಮೆಟ್ಟಿಲ ಮೇಲೆ ಕೂತಿದ್ದ ತೆಪಾಯೆರುವಿನ ಮಗಳು ಕುರಾಳಿಗೆ ನಗುವೂ ಬರಲಿಲ್ಲ, ಅಳುವೂ ಬರಲಿಲ್ಲ. ಸಕ್ಕರೆ ಕಾಯಿಲೆಗೆ ತಾಯಿಯ ಒಂದು ಕಾಲು ಹೋದ ಮೇಲೆ ಎತ್ತಿ, ಇಳಿಸಿ, ತೊಳೆದು, ಬಟ್ಟೆ ಬದಲಿಸಿ ಅವಳ ಸೊಂಟ ಬಿದ್ದುಹೋಗಿತ್ತು. ಈಗ ಎತ್ತುವುದಕ್ಕೆ ಯಾರೂ ಇರಲಿಲ್ಲ. ಕೈಗಳು ಮಾತ್ರ ಇನ್ನೂ ಭಾರ ಹೊತ್ತಂತೆ ಜೋತುಬಿದ್ದಿದ್ದವು.

"ಈ ಹೊತ್ತಲ್ಲಿ ಕೇಳಬಾರದು ಕುರಾ," ಎಂದ ತೊಕೋವಾ. "ಆದ್ರೂ... ಹಬ್ಬ ಹತ್ರ ಬಂತಲ್ಲ. ಈ ಸಲ ನಮ್ಮೂರ ಆಟ ಯಾರು ಕಟ್ಟೋದು?"

"ಅಮ್ಮನ್ನೇ ಕೇಳು ಮಾವ. ಇನ್ನೇನು ನೀನು ನಿಂತಿರೋ ಜಾಗಕ್ಕೇ ಬರ್ತಾಳಲ್ಲ."

ತೊಕೋವಾ ತಲೆ ತಗ್ಗಿಸಿ ಹಾರೆ ಎತ್ತಿಕೊಂಡ.

ಐತುಟಾಕಿ ದ್ವೀಪಕ್ಕೆ ಮೊದಲ ಸಲ ಸುವಾರ್ತೆ ಬಂದ ದಿನವನ್ನು ಅಕ್ಟೋಬರಿನಲ್ಲಿ ನೆನೆಯುತ್ತಾರೆ. ಊರೂರಿನವರೂ ಬೈಬಲ್ಲಿನ ಒಂದೊಂದು ಕತೆಯನ್ನು ಬಯಲಿನಲ್ಲಿ ಆಡಿ ತೋರಿಸುತ್ತಾರೆ. ಈ ಊರಿನ ಆಟ ಕಟ್ಟುತ್ತಿದ್ದವಳು ತೆಪಾಯೆರು. ಹೊಟ್ಟೆಪಾಡಿಗೆ ಅವಳು ಪ್ರವಾಸಿಗರ ವಸತಿಗೃಹದಲ್ಲಿ ಹಾಸಿಗೆ ಬಟ್ಟೆಗೆ ಇಸ್ತ್ರಿ ಹಾಕುತ್ತಿದ್ದಳು.

* * *

ಅದು ಶುರುವಾದದ್ದು ಚಂಡಮಾರುತದ ವರ್ಷ. ಆಗ ಕುರಾಳಿಗೆ ಹತ್ತೊಂಬತ್ತು. ಮನೆಯ ಜಂತೆ ಮುರಿದು ಅಪ್ಪ ತಮರುವಾನ ಎದೆಯ ಮೇಲೆ ಬಿತ್ತು. ಕೆಲವು ವಾರ ನರಳಿ ಅವನು ಹೋದ. ಸೂರು ಹಾರಿಹೋದವರೆಲ್ಲ ಚರ್ಚಿನ ಅಂಗಳದಲ್ಲಿ, ಪರಿಹಾರದವರು ಕೊಟ್ಟ ದೊಡ್ಡ ನೀಲಿ ಟಾರ್ಪಾಲಿನ ಕೆಳಗೆ ಮಲಗುತ್ತಿದ್ದರು. ಯಾರೂ ಜೋರಾಗಿ ಅಳುತ್ತಿರಲಿಲ್ಲ. ಒಬ್ಬರು ಶುರುಮಾಡಿದರೆ ಎಲ್ಲರೂ ಶುರುಮಾಡಿಬಿಡುತ್ತಾರೆಂಬ ಭಯ.

"ಈ ವರ್ಷ ಆಟ ಬೇಡ," ಎಂದಿದ್ದರು ಪಾದ್ರಿ. "ದೇವರಿಗೆ ಅರ್ಥ ಆಗತ್ತೆ."

ತೆಪಾಯೆರು ಮಾತ್ರ ದಿನಾ ಬೆಳಗಾಗುವ ಮೊದಲೇ ಎದ್ದು ಮಂಡಿಯೂರುತ್ತಿದ್ದಳು. ಒಂದು ಬೆಳಿಗ್ಗೆ ಕಡಲ ಕಡೆಯಿಂದ ಗಾಳಿ ಬಂದು ಟಾರ್ಪಾಲು ತುಂಬಿ ಮೇಲೆದ್ದಿತು, ಮೆಲ್ಲಗೆ ಇಳಿಯಿತು. ಮತ್ತೆ ಎದ್ದಿತು. ಒಳಗೆಲ್ಲ ನೀಲಿ ಬೆಳಕು. ಪಕ್ಕದಲ್ಲಿ ಮಲಗಿದ್ದ ಕುರಾಳಿಗೆ ಮಂಡಿಯೂರಿದ್ದ ತಾಯಿ ತಟ್ಟನೆ ತಲೆಯೆತ್ತಿದ್ದು ಕಾಣಿಸಿತು.

"ಅಯ್ಯೋ ದೇವರೇ," ಎಂದಳು ತಾಯಿ. "ನಾವೆಲ್ಲ ಮೀನಿನ ಹೊಟ್ಟೇಲಿದ್ದೀವಿ!"

ಹಾಗೆಂದು ನಗಲಾರಂಭಿಸಿದಳು. ಅಮ್ಮನಿಗೆ ತಲೆ ಕೆಟ್ಟಿತೆಂದುಕೊಂಡು ಕುರಾ ಮುಸುಕೆಳೆದುಕೊಂಡಳು.

ಅಕ್ಟೋಬರಿನಲ್ಲಿ ಆ ಟಾರ್ಪಾಲೇ ಯೋನನನ್ನು ನುಂಗಿದ ದೊಡ್ಡ ಮೀನಾಯಿತು. ಬಿದ್ದ ಮನೆಗಳ ಗಳುಗಳು ಪಕ್ಕೆಲುಬು, ಗಾಳಿಗೆ ಕಿತ್ತುಬಂದ ಚಾವಣಿಯ ತಗಡು ಹಲ್ಲು. ಯೋನನಾಗಿದ್ದ ತೊಕೋವಾನನ್ನು ಮೀನು ನುಂಗಿತು. ಬಯಲೆಲ್ಲ ಸುಮ್ಮನಾಯಿತು. ಆಮೇಲೆ ಆ ಹೊಟ್ಟೆಯೊಳಗಿಂದ ಹಾಡು ಬಂತು, ಒಬ್ಬನದಲ್ಲ, ಇಡೀ ಊರಿನದು. ಮಕ್ಕಳು ಮುದುಕರೆಲ್ಲ ಒಳಗೇ ಇದ್ದರು. ಹಾಡು ನಡುವೆ ಒಡೆದು ಅಳುವಾಯಿತು, ಮತ್ತೆ ಹಾಡಾಯಿತು. ಹೊರಗೆ ನಿಂತಿದ್ದ ಬೇರೆ ಊರಿನವರೂ ಸೊಲ್ಲಿಗೆ ಸೊಲ್ಲು ಸೇರಿಸಿದರು.

ಅಲ್ಲಿಂದ ಪ್ರತಿ ವರ್ಷ ಆಟ ತೆಪಾಯೆರುವಿನದೇ ಆಯಿತು.

* * *

ಹೆಂಗಸರು ಶವಕ್ಕೆ ಬಿಳಿ ಉಡುಪು ತೊಡಿಸಿ, ಪೆಟ್ಟಿಗೆಯೊಳಗೆ ಹೂವಿನ ಕೌದಿ ಹಾಸಿ ಮಲಗಿಸಿ ಹೊರಗೆ ಹೋದರು. ಕುರಾ, ಮಟಂಗಾರೊ ಇಬ್ಬರೇ ಉಳಿದರು.

"ಒಂದು ಪ್ರಾರ್ಥನೆ ಹೇಳೇ ಮಗಾ. ನೀನೊಬ್ಳೇ ಮಗಳು."

"ನನ್ ಕೈಲಾಗಲ್ಲ ಚಿಕ್ಕಮ್ಮ. ಬಾಯಿಗೆ ಏನೂ ಬರ್ತಿಲ್ಲ. ಅವಳಿಗೇನು, ಮಂಡಿ ಊರಿದ್ರೆ ದೇವರೇ ಬಂದು ಕಿವೀಲಿ ಹೇಳ್ತಿದ್ದ. ಇಂಥ ಮೀನು ಮಾಡು, ಇಂಥ ದೋಣಿ ಮಾಡು ಅಂತ."

ಮಟಂಗಾರೊ ಅಕ್ಕನ ಕೊರಳಪಟ್ಟಿ ಸರಿಮಾಡುತ್ತಿದ್ದವಳು ಕೈ ನಿಲ್ಲಿಸಿದಳು.

"ಹಾಗಂತ ಯಾರು ಹೇಳಿದ್ದು ನಿಂಗೆ?"

"ಯಾರು ಹೇಳ್ಬೇಕು? ನಾನೇ ನೋಡಿಲ್ವ?"

"ನೀನು ನೋಡಿದ್ದು ಮಂಡಿ ಊರಿದ್ದು. ಎಷ್ಟೋ ದಿನ ಇವಳಿಗೂ ಬಾಯಿಗೆ ಏನೂ ಬರ್ತಿರ್ಲಿಲ್ಲ ಕಣೇ. 'ನನ್ ಹತ್ರ ಏನೂ ಇಲ್ಲ, ಸುಸ್ತಾಗಿದೆ, ನಿನ್ ಹತ್ರ ಇದ್ರೆ ಕೊಡು' ಅಂತ ಕೂತಿರ್ತಿದ್ಲು, ಅಷ್ಟೇ. ನಿಮ್ಮಪ್ಪ ಸತ್ತ ಮೇಲಂತೂ ಅದೂ ಇಲ್ಲ. ಕತ್ಲೆ ನೋಡ್ಕೊಂಡು ಕೂರೋಳು."

"ಮತ್ತೆ ಕೂರೋದ್ಯಾಕೆ?"

"ನಾನೂ ಕೇಳ್ದೆ. ನಾನು ಕೂರ್ಲಿಲ್ಲ ಅಂದ್ರೆ ದೇವರು ಬಂದಾಗ ಯಾರಿರ್ತಾರೆ ಅಂದ್ಲು." ಮಟಂಗಾರೊ ಮೂಗೊರೆಸಿಕೊಂಡಳು. "ಕೆಲವು ವರ್ಷ ಅವನು ಬರ್ಲೂ ಇಲ್ಲ. ಹಳೇ ವೇಷಕ್ಕೇ ಬಣ್ಣ ಬಳಿದು ಆಡಿಸಿದ್ಲು. ಎರಡನೇ ಸಲ ಆಡ್ಸಿದ ನೋಹನ ಆಟ ಇತ್ತಲ್ಲ, ಥೂ, ಎಷ್ಟು ಕೆಟ್ಟದಾಗಿತ್ತು!"

ಕುರಾಳಿಗೆ ಗಂಟಲಿನಿಂದ ಒಂದು ನಗು ನುಗ್ಗಿ ಬಂತು. ಅದರ ಹಿಂದೆಯೇ ಅಳು. ಪೆಟ್ಟಿಗೆಯ ಅಂಚು ಹಿಡಿದು ನೆಲಕ್ಕೆ ಕುಸಿದಳು. ಮಂಡಿ ಊರಿದ್ದು ಅವಳಿಗೇ ತಿಳಿಯಲಿಲ್ಲ. ಏನನ್ನೂ ಹೇಳಲಿಲ್ಲ. ಚಿಕ್ಕಮ್ಮನೂ ಹೇಳು ಎನ್ನಲಿಲ್ಲ.

* * *

ಪಾದ್ರಿ ಓದಿದರು. ಗಂಡಸರು ಕೆಳದನಿಯಲ್ಲಿ ಹೂಂಕರಿಸಿ, ಹೆಂಗಸರು ಏರುದನಿಯಲ್ಲಿ ಎತ್ತಿಕೊಂಡು ಹಾಡಿದರು. ಪೆಟ್ಟಿಗೆ ಇಳಿಯಿತು, ಬಿಳಿ ಹವಳದ ಮರಳು ಮುಚ್ಚಿತು. ನೆಲದೊಲೆ ತೆರೆದು ಹಂದಿಮಾಂಸ, ಕೆಸವಿನ ಗೆಡ್ಡೆ ಬಡಿಸಿದರು. ತಿಂದವರು ಕುರಾಳ ಕೆನ್ನೆಗೆ ಮುತ್ತಿಟ್ಟು ಒಬ್ಬೊಬ್ಬರಾಗಿ ಹೊರಟರು.

ಸಂಜೆ ಅವಳು ಮೆಟ್ಟಿಲ ಮೇಲೆ ಕೂತು ಕಾಲು ನೀವಿಕೊಳ್ಳುತ್ತಿದ್ದಳು. ಊಟಕ್ಕೆಂದು ಚರ್ಚಿನಿಂದ ತಂದಿದ್ದ ಬೆಂಚುಗಳನ್ನು ಗಂಡಸರು ವಾಪಸ್ಸು ಒಯ್ಯುತ್ತಿದ್ದರು. ಒಂದೊಂದು ಬೆಂಚನ್ನೂ ಇಬ್ಬಿಬ್ಬರು ಬೋರಲು ಮಾಡಿ ತಲೆಯ ಮೇಲೆ ಹೊತ್ತಿದ್ದರು. ದಣಿದ ಹೆಜ್ಜೆ, ಬಗ್ಗಿದ ಕತ್ತು. ಒಂದರ ಹಿಂದೆ ಒಂದು, ನೀರಿನ ಅಂಚಿನ ದಾರಿ ಹಿಡಿದು ಸಾಗಿದ್ದವು. ಮುಳುಗುವ ಬೆಳಕಿನಲ್ಲಿ ಬೆಂಚಿನ ಕಾಲುಗಳು ಆಕಾಶಕ್ಕೆ ಕೋಡುಗಳಂತೆ ಎದ್ದಿದ್ದವು. ಕೆಳಗೆ ನಾಲ್ಕು ನಾಲ್ಕು ಬಡಕಲು ಕಾಲುಗಳು ತಡವರಿಸುತ್ತಿದ್ದವು.

ಕುರಾ ಎದ್ದು ನಿಂತಳು.

"ನಿಲ್ಲಿ!" ಎಂದು ಕೂಗಿದಳು. "ಮಾವಾ, ನಿಲ್ಲಿ!"

ಸಾಲು ನಿಂತಿತು. ಮುಂದಿನ ಬೆಂಚಿನ ಕೆಳಗಿನಿಂದ ತೊಕೋವಾ ಕೇಳಿದ, "ಏನಾಯ್ತೇ? ಏನಾದ್ರೂ ಬಿಟ್ವಾ?"

"ಇಲ್ಲ. ಹಿಂದಕ್ಕೆ ಬನ್ನಿ. ನೀರಿನ ಕಡೆಯಿಂದ ಎದ್ದು ಇನ್ನೊಂದ್ಸಲ ನಡೀರಿ. ನಿಧಾನ."

"ಯಾಕೆ ತಾಯಿ? ಕತ್ತು ಬಿದ್ದೋಗ್ತಿದೆ!"

"ಬೈಬಲ್ಲಲ್ಲಿ ಆ ಫರೋಹ ರಾಜನ ಕನಸಲ್ಲಿ ನದಿಯಿಂದ ಎದ್ದು ಬಂದ್ವಲ್ಲ ಮಾವ, ಬಡಕಲು ಹಸುಗಳು... ನೀವೇ ಅವು."

ಸಾಲು ನಿಧಾನವಾಗಿ ತಿರುಗಿ, ಮೊಣಕಾಲುದ್ದದ ನೀರಿಗೆ ಇಳಿಯಿತು. ಕೋಡುಗಳು ಓಲಾಡಿದವು. ಎಲ್ಲಕ್ಕಿಂತ ಮುಂದಿದ್ದ ಹಸು ಕತ್ತು ಎತ್ತಿ, ಹಸಿದ ದನಿಯಲ್ಲಿ, ಅಂಬಾ ಎಂದಿತು.