ಬೆನ್ನ ಹಿಂದಿನ ಬೆರಳು

ಎಡಗೈಯಲ್ಲಿ ಆಡುವುದರಿಂದ ಅವಳನ್ನು ಎಲ್ಲರೂ ಎಡಚಿ ಎನ್ನುತ್ತಿದ್ದರು. ಹನ್ನೊಂದು ವರ್ಷದಿಂದ ಅವಳ ಟೆನಿಸ್ ಡಬಲ್ಸ್ ಜೊತೆಗಾತಿ ಗಿಡ್ಡಿ. ಎಡಚಿ ಸರ್ವ್ ಮಾಡುವಾಗ ಗಿಡ್ಡಿ ನೆಟ್ಟಿನ ಹತ್ತಿರ ಬಗ್ಗಿ ನಿಂತು, ಎದುರಾಳಿಗಳಿಗೆ ಕಾಣದಂತೆ ಬೆನ್ನ ಹಿಂದೆ ಬೆರಳು ತೋರಿಸುತ್ತಿದ್ದಳು. ಒಂದು ಬೆರಳೆಂದರೆ ನಡುವಿಗೆ, ಎರಡೆಂದರೆ ಅಂಚಿಗೆ.

ಈ ವರ್ಷ ಎಡಚಿ ಎಲ್ಲಿಗೆ ಹೊಡೆದರೂ ಎದುರಾಳಿ ಮೊದಲೇ ಅಲ್ಲಿ ಹಾಜರು. ಸೋತು ಸೋತು ಶ್ರೇಯಾಂಕ ಪಾತಾಳ ಕಂಡಿತ್ತು. ಇವತ್ತೂ ಸೋತರೆ ದೊಡ್ಡ ಟೂರ್ನಿಗಳ ಬಾಗಿಲು ಮುಚ್ಚಿದಂತೆ. ಮೂವತ್ತಮೂರು ತುಂಬಿದವಳಿಗೆ ಅದು ಮತ್ತೆ ತೆರೆಯುವುದಿಲ್ಲ.

ಗುಟ್ಟು ಗೊತ್ತಿರುವುದು ಇಬ್ಬರಿಗೇ. ನಾನಂತೂ ಬಾಯಿ ಬಿಟ್ಟಿಲ್ಲ ಎಂದುಕೊಂಡಳು ಎಡಚಿ. ಅಲ್ಲಿಂದ ತಲೆಗೆ ಹುಳ ಹೊಕ್ಕಿತು. ನಿನ್ನೆ ಹೋಟೆಲಿನ ಲಿಫ್ಟಿನಲ್ಲಿ ಗಿಡ್ಡಿ ಇವತ್ತಿನ ಎದುರಾಳಿಯ ಜೊತೆ ನಗುತ್ತಿದ್ದಳು. ಬೆಳಿಗ್ಗೆ ಇವಳು ಬಂದ ಕೂಡಲೇ ಫೋನು ಮಗುಚಿಟ್ಟಳು.

"ನಮ್ಮ ಗುಟ್ಟು ಯಾರೋ ಹೇಳ್ತಿದಾರೆ ಅನ್ಸುತ್ತೆ ಕಣೇ," ಎಂದಾಗ ಗಿಡ್ಡಿ ಹೆಗಲು ಉಜ್ಜಿಕೊಂಡಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡಂತೆ! ಆ ಹೆಗಲು ನಾಲ್ಕು ತಿಂಗಳಿಂದ ನೋಯುತ್ತಿದೆ, ದಿನಾ ಅದಕ್ಕೆ ಪಟ್ಟಿ ಸುತ್ತುವವಳು ತಾನೇ ಎಂಬುದು ಈ ಮಹಾತಾಯಿಗೆ ನೆನಪಾಗಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ.

ಕೊನೆಯ ಸೆಟ್ಟಿನಲ್ಲಿ ಪರೀಕ್ಷೆಗೆ ಇಳಿದಳು. ಗಿಡ್ಡಿ ಎರಡು ಬೆರಳು ತೋರಿಸಿದಳು; ಇವಳು ಬೇಕೆಂದೇ ನಡುವಿಗೆ ಹೊಡೆದಳು. ಅಂಚಿನತ್ತ ಸರಿದಿದ್ದ ಗಿಡ್ಡಿ ತಿರುಗುವಷ್ಟರಲ್ಲಿ, ಮರಳಿ ಬಂದ ಚೆಂಡು ಅವಳ ಹುಬ್ಬಿಗೆ ಅಪ್ಪಳಿಸಿತು.

ಈ ಸಲ ಎಲ್ಲಿಗೆ ಹೊಡೆಯುತ್ತೇನೆಂಬುದು ಎಡಚಿಗಲ್ಲದೆ ನರಪಿಳ್ಳೆಗೂ ಗೊತ್ತಿರಲಿಲ್ಲ. ಆದರೂ ಎದುರಾಳಿ ನಡುವಿನಲ್ಲೇ ಕಾದಿದ್ದಳು.

ಪಂದ್ಯ ಸೋತರು. ಹೊರಗೆ ನೀರಿನ ಬಾಟಲಿ ಹಿಡಿದು ನಿಂತಿದ್ದ ಅಮ್ಮನಿಗೆ ಎಡಚಿ ನಡೆದದ್ದನ್ನು ಹೇಳಿದಳು. ಅಮ್ಮ ಅವಳ ಮುಖವನ್ನೇ ನೋಡಿದರು.

"ಸರ್ವ್ ಮಾಡೋಕೆ ಮುಂಚೆ, ನಡುವಿಗಾದ್ರೆ ಚೆಂಡನ್ನ ಮೂರು ಸಲ ನೆಲಕ್ಕೆ ಕುಟ್ತೀಯ, ಅಂಚಿಗಾದ್ರೆ ನಾಲ್ಕು. ಚಿಕ್ಕವಳಿದ್ದಾಗಿಂದ ನಾನು ಎಣಿಸ್ತಾ ಕೂತಿರ್ತೀನಲ್ಲ. ನಿಂಗೆ ಗೊತ್ತಿಲ್ವೇನೇ?"

ಒಳಗೆ ಬೆಂಚಿನ ಮೇಲೆ ಗಿಡ್ಡಿ ಹುಬ್ಬಿಗೆ ಐಸ್ ಒತ್ತಿಕೊಂಡು ಕೂತಿದ್ದಳು.

"ಬೆರಳು ಸರಿಯಾಗಿ ಕಾಣ್ಲಿಲ್ಲ ಅಲ್ವಾ? ಹೆಗಲು ನೋವಿಗೆ ಕೈ ಹಿಂದಕ್ಕೆ ಬರ್ತಾನೇ ಇಲ್ಲ ಕಣೇ. ತಪ್ಪು ನಂದೇ."

ಹೂಂ ಎಂದುಬಿಟ್ಟರೆ ಮುಗಿದೇ ಹೋಗುತ್ತಿತ್ತು. ಎಡಚಿಗೆ ನಾಚಿಕೆಯಿಂದ ನಿಂತ ನೆಲ ಬಾಯಿ ಬಿಡಬಾರದೇ ಎನಿಸಿತು. ಗಿಡ್ಡಿಯ ಪಕ್ಕ ಕೂತಳು.

"ಕಂಡಿತ್ತು ಕಣೇ. ಎರಡು ಬೆರಳು. ಚೆನ್ನಾಗೇ ಕಂಡಿತ್ತು."